ಸೂಜಿ ಕೊಡುವವರಿಗೂ ಒಂದು ಪಾಠ

ಮಾತಾಡುತ್ತಿರುವವರು ಇಬ್ಬರು. ಹಾಸನದಲ್ಲಿ ಬಹುಕಾಲದಿಂದ ಮೆಡಿಕಲ್ ಸ್ಟೋರ್ ನಡೆಸಿಕೊಂಡು ಬಂದಿರುವ ಮಾವ, ಮೈಸೂರಿನಲ್ಲಿ ಬಿ.ಫಾರ್ಮ್ ಮುಗಿಸಿ ಈಗ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಫಾರ್ಮಸಿಸ್ಟ್ ಆಗಿರುವ ಅವರ ಅಕ್ಕನ ಮಗಳು. ಮಧ್ಯಾಹ್ನದ ಹೊತ್ತು, ಗಿರಾಕಿಗಳು ಕಡಿಮೆ.

ಮಾವ: ನಿಮ್ಮಮ್ಮ ಹೇಳಿದ್ಲು, ನೀನು ಅಲ್ಲಿ ಗಾಂಜಾ ಅಫೀಮಿನವರಿಗೆಲ್ಲ ಪುಕ್ಕಟೆ ಸಿರಿಂಜ್ ಹಂಚ್ತೀಯಂತೆ. ಹೌದೇನೇ?

ಆಕೆ: ಗಾಂಜಾದವರಿಗೆ ಸಿರಿಂಜ್ ಯಾಕೆ ಬೇಕು ಮಾವ? ಹೆರಾಯಿನ್, ಕೊಕೇನ್ ಚುಚ್ಚಿಕೊಳ್ಳೋರಿಗೆ ಕೊಡ್ತೀನಿ. ಜಿಮ್‌ಗೆ ಹೋಗಿ ಸ್ಟೆರಾಯ್ಡ್ ಚುಚ್ಚಿಕೊಳ್ಳೋ ಹುಡುಗರಿಗೂ ಕೊಡ್ತೀನಿ. ಪುಕ್ಕಟೆಯೇ. ಖರ್ಚು ಸರ್ಕಾರಿ ಆರೋಗ್ಯ ಸೇವೆಯದು.

ಮಾವ: ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಾಯ್ತು. ಇದಕ್ಕೆ ಅಷ್ಟು ವರ್ಷ ಓದಬೇಕಿತ್ತಾ?

ಆಕೆ: ಓದಿದ್ದು ಸಾಲದು ಅಂತಲೇ ಬೇರೆ ತರಬೇತಿ ಕೊಟ್ಟರು.

ಮಾವ: ಎಂಥ ತರಬೇತಿ? ಪೊಟ್ಟಣ ತೆಗೆದು ಕೈಗೆ ಕೊಡೋದಕ್ಕಾ?

ಆಕೆ: ಪೊಟ್ಟಣ ಕೊಡೋದು ಎರಡು ನಿಮಿಷದ ಕೆಲಸ. ಆ ಎರಡು ನಿಮಿಷದಲ್ಲಿ ಏನು ಮಾತಾಡಬೇಕು, ಏನು ಆಡಬಾರದು, ಎದುರಿಗೆ ನಿಂತವನಲ್ಲಿ ಏನು ಗಮನಿಸಬೇಕು, ಅದಕ್ಕೆ ತರಬೇತಿ. ಇಲ್ಲಿಂದ ಹೋದವರು ಅಲ್ಲಿ ಫಾರ್ಮಸಿಸ್ಟ್ ಆಗಬೇಕಾದರೆ ಮೊದಲು ಒಂದು ವರ್ಷ ವಿಶ್ವವಿದ್ಯಾಲಯದಲ್ಲಿ ಓದಬೇಕು, ಆಮೇಲೆ ಒಂದು ವರ್ಷ ಅಂಗಡಿಯಲ್ಲೋ ಆಸ್ಪತ್ರೆಯಲ್ಲೋ ಕೆಲಸ ಕಲೀಬೇಕು, ಅದರ ಮೇಲೆ ನೋಂದಣಿ ಪರೀಕ್ಷೆ. ಅಷ್ಟೆಲ್ಲ ಮುಗಿಸಿದವರೂ ಸೂಜಿ ಕೊಡೋ ಕೌಂಟರಿಗೆ ನಿಲ್ಲೋ ಮುಂಚೆ ಮತ್ತೊಂದು ಪಾಠ ಕಲೀಬೇಕು.

ಮಾವ: ಕೊಡಲ್ಲ ಅಂದ್ಬಿಟ್ರೆ ಪಾಠವೂ ಬೇಡ, ಪರೀಕ್ಷೆಯೂ ಬೇಡ. ನಾನು ಹಾಗೇ ಮಾಡ್ತೀನಿ. ಯಾವನೋ ಕಣ್ಣು ಕೆಂಪಗೆ ಮಾಡ್ಕೊಂಡು ಬಂದು ಇನ್ಸುಲಿನ್ ಸಿರಿಂಜ್ ಕೇಳಿದರೆ, ಸ್ಟಾಕ್ ಇಲ್ಲ ಅಂತೀನಿ. ಮುಗೀತು.

ಆಕೆ: ಅದೇ ಮಾತನ್ನ ಒಂದು ದೇಶದ ಫಾರ್ಮಸಿಸ್ಟ್‌ಗಳೆಲ್ಲ ಸೇರಿ ಹೇಳಿ ನೋಡಿದಾರೆ. 1982ರಲ್ಲಿ ಬ್ರಿಟನ್ನಿನ ಫಾರ್ಮಸಿಸ್ಟ್‌ಗಳ ಸೊಸೈಟಿ, ನಮ್ಮ ವೃತ್ತಿಯವರದ್ದೇ ಸಂಸ್ಥೆ, ಚಿಕಿತ್ಸೆಗೆ ಬೇಕಾದ ನಿಜವಾದ ರೋಗಿಗಳಿಗೆ ಮಾತ್ರ ಸಿರಿಂಜ್ ಮಾರಿ ಅಂತ ಸಲಹೆ ಕೊಟ್ಟಿತು. ಎಡಿನ್‌ಬರೋದಲ್ಲಿ ಪೊಲೀಸರೂ ಕೈ ಬಿಗಿ ಮಾಡಿದರು. ಜೇಬಿನಲ್ಲಿ ಸಿರಿಂಜ್ ಸಿಕ್ಕರೆ ಕಿತ್ತುಕೊಳ್ಳೋರು. ಹೆರಾಯಿನ್ ಮಾತ್ರ ಧಾರಾಳವಾಗಿ ಸಿಗ್ತಿತ್ತು. ಚಟ ನಿಲ್ಲಲಿಲ್ಲ, ಸೂಜಿಗೆ ಬರ ಬಂತು. ಒಂದೇ ಸೂಜಿ ಕೈಯಿಂದ ಕೈಗೆ ಹೋಯ್ತು. ಯಾವ ವೈರಸ್ ಓಡಾಡ್ತಿದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಎಚ್‌ಐವಿ ಪರೀಕ್ಷೆ ಬಂದ ಮೇಲೆ, ಮ್ಯೂರ್‌ಹೌಸ್ ಅನ್ನೋ ಬಡವರ ಬಡಾವಣೆಯಲ್ಲಿ ವೈದ್ಯರಾಗಿದ್ದ ರಾಯ್ ರಾಬರ್ಟ್‌ಸನ್ ಮತ್ತು ಅವರ ಸಂಗಡಿಗರು ತಮ್ಮ ಹತ್ತಿರ ಬರ್ತಿದ್ದ ಹೆರಾಯಿನ್ ವ್ಯಸನಿಗಳ ರಕ್ತ ಪರೀಕ್ಷೆ ಮಾಡಿಸಿದರು. 164 ಜನ. ಅದರಲ್ಲಿ ಶೇ. 51 ಮಂದಿಗೆ ಸೋಂಕು.

ಮಾವ: ಅರ್ಧಕ್ಕಿಂತ ಹೆಚ್ಚು?

ಆಕೆ: ಹೂಂ. 1986ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಚ್ಚಾಯ್ತು. ರೈಲಿನಲ್ಲಿ ಒಂದು ಗಂಟೆ ದೂರದ ಗ್ಲಾಸ್ಗೋದಲ್ಲಿ ಹೆರಾಯಿನ್ ಏನೂ ಕಡಿಮೆ ಇರಲಿಲ್ಲ, ಎಚ್‌ಐವಿ ಮಾತ್ರ ತೀರಾ ಕಡಿಮೆ ಇತ್ತು. ಕಾರಣ ಒಂದೇ ಅಂತ ನಾನು ಹೇಳಲ್ಲ. ಆದರೆ ಸಿರಿಂಜ್ ಸಿಗ್ತಿತ್ತೋ ಇಲ್ಲವೋ ಅನ್ನೋದು ದೊಡ್ಡ ಕಾರಣ. ಅದೇ ವರ್ಷ ಸ್ಕಾಟ್ಲೆಂಡಿನ ಮೆಕ್‌ಲೆಲೆಂಡ್ ಸಮಿತಿ, ವ್ಯಸನಿಗಳಿಗೆ ಶುದ್ಧ ಸೂಜಿ ಕೊಡಿ ಅಂತ ವರದಿ ಕೊಟ್ಟಿತು. ಸೊಸೈಟಿಯೂ ತನ್ನ ಹಳೇ ಸಲಹೆ ವಾಪಸ್ ತಗೊಂಡಿತು. 1987ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್ ಸೇರಿ 15 ಕಡೆ ಸರ್ಕಾರವೇ ಪ್ರಾಯೋಗಿಕ ಕೇಂದ್ರ ತೆಗೆಯಿತು. ಹಳೇ ಸೂಜಿ ತಂದು ಹಾಕು, ಹೊಸದು ತಗೊಂಡು ಹೋಗು.

ಮಾವ: ಈ ಯೋಚನೆ ಇಂಗ್ಲಿಷರದ್ದೇನಾ?

ಆಕೆ: ಅಲ್ಲ. ಅವರಿಗಿಂತ ಮುಂಚೆ, 1984ರಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವ್ಯಸನಿಗಳೇ ಕಟ್ಟಿಕೊಂಡಿದ್ದ ಸಂಘ ಶುರು ಮಾಡಿತು. ಅಲ್ಲಿ ನಡುಪಟ್ಟಣದ ಒಬ್ಬ ಫಾರ್ಮಸಿಸ್ಟ್ ಇನ್ನು ನಿಮಗೆ ಸಿರಿಂಜ್ ಮಾರಲ್ಲ ಅಂದುಬಿಟ್ಟ. ಹೆಪಟೈಟಿಸ್ ಬಿ ಹರಡುತ್ತೆ ಅಂತ ಅವರೇ ಹೆದರಿಕೊಂಡು ದಾರಿ ಹುಡುಕಿದರು. ನೋಡಿ ಮಾವ, ಈ ಕತೆಯಲ್ಲಿ ಎಲ್ಲಿ ಹೋದರೂ ನಮ್ಮವರ ಕೌಂಟರ್ ಒಂದು ಸಿಗುತ್ತೆ. ಕೊಟ್ಟರೂ ನಾವು, ಇಲ್ಲ ಅಂದರೂ ನಾವು. ಇವತ್ತು ಬ್ರಿಟನ್ನಿನಲ್ಲಿ ಸೂಜಿ ಸಿಗೋ ಜಾಗಗಳಲ್ಲಿ ಹೆಚ್ಚಿನವು ಬೀದಿ ಬದಿಯ ಫಾರ್ಮಸಿಗಳೇ. ಸಂಜೆ ತೆಗೆದಿರುತ್ತೆ, ಶನಿವಾರವೂ ತೆಗೆದಿರುತ್ತೆ, ಅಪಾಯಿಂಟ್‌ಮೆಂಟ್ ಬೇಕಿಲ್ಲ. ಒಳಗೆ ಹೋದವನು ಕೆಮ್ಮಿನ ಸಿರಪ್ಪಿಗೆ ಹೋದನೋ ಸೂಜಿಗೆ ಹೋದನೋ ಬೀದಿಯಲ್ಲಿ ನಿಂತವರಿಗೆ ಗೊತ್ತಾಗಲ್ಲ.

(ಒಬ್ಬರು ಬಂದು ಡೋಲೊ ಕೇಳಿದರು. ಮಾವ ಒಂದು ಸ್ಟ್ರಿಪ್ ಕತ್ತರಿಸಿ ಕೊಟ್ಟು, ಚಿಲ್ಲರೆ ಎಣಿಸಿ, ಮತ್ತೆ ಕೂತರು.)

ಮಾವ: ಸರಿ, ಪಾಠದಲ್ಲಿ ಏನೇನು ಹೇಳಿಕೊಟ್ಟರು ಹೇಳು.

ಆಕೆ: ಮೊದಲು ಒಂದು ತಟ್ಟೆಯಲ್ಲಿ ಸೂಜಿಗಳನ್ನ ಜೋಡಿಸಿ ಇಟ್ಟಿದ್ದರು. ಕಿತ್ತಳೆ, ನೀಲಿ, ಹಸಿರು.

ಮಾವ: ಕಿತ್ತಳೆ 25 ಗೇಜ್, ನೀಲಿ 23, ಹಸಿರು 21. ಇದನ್ನ ಕಲಿಯೋಕೆ ಗ್ಲಾಸ್ಗೋಗೆ ಹೋಗಬೇಕಿತ್ತಾ?

ಆಕೆ: ಗೇಜ್ ನಿಮಗೂ ಗೊತ್ತು, ನನಗೂ ಗೊತ್ತಿತ್ತು. ಯಾವ ಸೂಜಿ ಕೇಳಿದ ಅನ್ನೋದರಿಂದ ಮೈಯಲ್ಲಿ ಏನಾಗ್ತಿದೆ ಅಂತ ಊಹಿಸೋದು ಗೊತ್ತಿರಲಿಲ್ಲ. ಇಷ್ಟು ದಿನ ಒಂದು ಎಂಎಲ್ ಇನ್ಸುಲಿನ್ ಸಿರಿಂಜ್ ತಗೊಂಡು ಹೋಗ್ತಿದ್ದವನು ಇದ್ದಕ್ಕಿದ್ದ ಹಾಗೆ ಉದ್ದದ ಸೂಜಿ ಕೇಳಿದ ಅಂದ್ಕೊಳ್ಳಿ. ತೋಳಿನ ರಕ್ತನಾಳಗಳು ಕೈಕೊಟ್ಟಿರಬಹುದು, ತೊಡೆಸಂದಿಗೆ ಇಳಿದಿರಬಹುದು. ಅಲ್ಲಿ ಅಭಿಧಮನಿಗೆ ಅಂಟಿಕೊಂಡ ಹಾಗೇ ಅಪಧಮನಿ, ಪಕ್ಕದಲ್ಲಿ ನರ. ಸ್ವಲ್ಪ ತಪ್ಪಿದರೂ ಕಾಲಿಗೇ ಕುತ್ತು. ಆಗ ಪೊಟ್ಟಣ ಕೊಟ್ಟು ಕಳಿಸಿಬಿಟ್ಟರೆ ಆಗಲ್ಲ. ‘ಕಾಲು ಊದಿಕೊಂಡಿದೆಯಾ, ನೋವಿದೆಯಾ’ ಅಂತ ಕೇಳಬೇಕು. ಒಂದು ಪಕ್ಷ ಅವನು ದೊಡ್ಡ ಮೈಕಟ್ಟಿನ ಹುಡುಗ, ಹಸಿರು ಸೂಜಿಯಲ್ಲಿ ಎಳೆದು ನೀಲಿಯಲ್ಲಿ ಸ್ನಾಯುವಿಗೆ ಚುಚ್ಚಿಕೊಳ್ಳೋ ಸ್ಟೆರಾಯ್ಡ್‌ನವನಾದರೆ ಪ್ರಶ್ನೆಗಳೇ ಬೇರೆ. ಹೆರಾಯಿನ್‌ನವರ ಸಾಲಿಗೆ ಸೇರಿಸಿ ಮಾತಾಡಿದರೆ ಅವನಿಗೆ ಅವಮಾನ. ನಾಳೆಯಿಂದ ಬರಲ್ಲ.

ಮಾವ: ಸೂಜಿ ಬಿಟ್ಟರೆ ಬೇರೇನು ಇರುತ್ತೆ ಆ ಪೊಟ್ಟಣದಲ್ಲಿ?

ಆಕೆ: ಒರೆಸೋ ಸ್ವಾಬ್, ಬಿಸಿ ಮಾಡೋ ಪುಟ್ಟ ಬಟ್ಟಲು, ಫಿಲ್ಟರ್, ಸಿಟ್ರಿಕ್ ಆಮ್ಲದ ಸಣ್ಣ ಸ್ಯಾಶೆ, ಹಳದಿ ಡಬ್ಬಿ.

ಮಾವ: ಸಿಟ್ರಿಕ್ ಆಮ್ಲ ಯಾಕೆ?

ಆಕೆ: ಬ್ರಿಟನ್ನಿಗೆ ಬರೋ ಕಂದು ಹೆರಾಯಿನ್ ಬರೀ ನೀರಿನಲ್ಲಿ ಕರಗಲ್ಲ, ಆಮ್ಲ ಬೇಕು. ನಾವು ಕೊಡದೇ ಇದ್ದಾಗ ನಿಂಬೆರಸ, ವಿನಿಗರ್ ಹಾಕ್ಕೋತಿದ್ದರು. ನಿಂಬೆರಸದಲ್ಲಿ ಬೆಳೆಯೋ ಕ್ಯಾಂಡಿಡಾ ಅನ್ನೋ ಶಿಲೀಂಧ್ರ ರಕ್ತದಲ್ಲಿ ಸೇರಿ ಕಣ್ಣಿಗೆ ಹೋಗುತ್ತೆ. ದೃಷ್ಟಿ ಕಳ್ಕೊಂಡವರಿದಾರೆ. ಆ ಸ್ಯಾಶೆ ಕೊಡೋದು ಹೆರಾಯಿನ್‌ಗೆ ಅನುಕೂಲ ಆಗಲಿ ಅಂತ ಅಲ್ಲ, ಕಣ್ಣು ಉಳೀಲಿ ಅಂತ. ಜಾಸ್ತಿ ಹಾಕಿದರೆ ರಕ್ತನಾಳ ಸುಡುತ್ತೆ ಅಂತಲೂ ಹೇಳಬೇಕು. ಇಂಥದ್ದು ನಮ್ಮ ಫಾರ್ಮಕಾಲಜಿ ಪುಸ್ತಕದಲ್ಲಿ ಎಲ್ಲಿತ್ತು ಹೇಳಿ?

ಮಾವ: ಇರಲಿಲ್ಲ. ನಮ್ಮ ಕಾಲದ ಡಿ.ಫಾರ್ಮ್‌ನಲ್ಲಂತೂ ಇರಲೇ ಇಲ್ಲ.

ಆಕೆ: ಇನ್ನೊಂದು ಸೂಕ್ಷ್ಮ ಇದೆ. ಸೂಜಿ ಬೇರೆ, ಸಿರಿಂಜ್ ಬೇರೆ ಇರೋ ಜೋಡಣೆಯಲ್ಲಿ ಪಿಸ್ಟನ್ ಪೂರ್ತಿ ಒತ್ತಿದರೂ ಕತ್ತಿನ ಹತ್ತಿರ ಚೂರು ರಕ್ತ ಉಳಿಯುತ್ತೆ. ಇನ್ಸುಲಿನ್ ಸಿರಿಂಜಿನ ಥರ ಸೂಜಿ ಅಂಟಿಕೊಂಡೇ ಇದ್ದರೆ ಅದರ ಎಷ್ಟೋ ಪಾಲು ಕಡಿಮೆ. ಅಕಸ್ಮಾತ್ ಇನ್ನೊಬ್ಬ ಅದೇ ಸಿರಿಂಜ್ ಎತ್ತಿಕೊಂಡರೂ ಅವನಿಗೆ ದಾಟೋ ವೈರಸ್ ಕಡಿಮೆ. ಈಗ ಬೇರೆ ಬೇರೆ ಬಣ್ಣದ ಪಿಸ್ಟನ್ ಇರೋ ಸಿರಿಂಜ್‌ಗಳೂ ಬಂದಿವೆ. ಗಂಡ ಹೆಂಡತಿ ಇಬ್ಬರೂ ಚುಚ್ಚಿಕೊಳ್ಳೋರಾದರೆ ಯಾರದು ಯಾವುದು ಅಂತ ಅದಲು ಬದಲಾಗಬಾರದು ನೋಡಿ.

ಮಾವ: ನಿನಗೇ ಚುಚ್ಚಿಬಿಟ್ಟರೆ? ಅದು ಹೇಳು. ನಿಮ್ಮಮ್ಮನಿಗೆ ನಿದ್ದೆ ಬರದೇ ಇರೋದು ಅದಕ್ಕೇ.

ಆಕೆ: ಅಮ್ಮನಿಗೆ ಹೇಳಿ, ಬಳಸಿದ ಸೂಜಿಯನ್ನ ನಾವು ಮುಟ್ಟೋದೇ ಇಲ್ಲ. ಅವರು ಹಳದಿ ಡಬ್ಬಿ ಮುಚ್ಚಿಕೊಂಡು ತಂದು, ತಾವೇ ಅಂಗಡಿಯ ದೊಡ್ಡ ಡಬ್ಬಿಗೆ ಹಾಕ್ತಾರೆ. ಎಷ್ಟು ತಂದೆ ಅಂತ ಬಾಯಲ್ಲಿ ಕೇಳ್ತೀವಿ, ತೆಗೆದು ಎಣಿಸಲ್ಲ. ಅಂಗಡಿಯಲ್ಲಿ ಕೆಲಸ ಮಾಡೋ ಎಲ್ಲರಿಗೂ ಹೆಪಟೈಟಿಸ್ ಬಿ ಲಸಿಕೆ ಸಿಗುವಂತಿರಬೇಕು. ಅಷ್ಟಾದರೂ ಚುಚ್ಚಿತು ಅಂದ್ಕೊಳ್ಳಿ. ಹರಿಯೋ ನೀರಿನ ಕೆಳಗೆ ಹಿಡಿದು ರಕ್ತ ಬರೋಕೆ ಬಿಡಬೇಕು, ಸೋಪಿನಲ್ಲಿ ತೊಳೀಬೇಕು. ಉಜ್ಜಬಾರದು, ಬಾಯಲ್ಲಿ ಹೀರಬಾರದು. ಮುಚ್ಚಿಕೊಂಡು ಸೀದಾ ಆಸ್ಪತ್ರೆಗೆ. ಎಚ್‌ಐವಿ ತಡೆಯೋ ಮಾತ್ರೆ ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೇದು, 72 ಗಂಟೆ ದಾಟಬಾರದು. ಸೋಂಕಿರೋ ರಕ್ತದ ಸೂಜಿ ಚುಚ್ಚಿದರೆ ಹೆಪಟೈಟಿಸ್ ಬಿ ತಗಲೋ ಸಾಧ್ಯತೆ, ಲಸಿಕೆ ಇಲ್ಲದವರಿಗೆ, ಸುಮಾರು ಮೂರಕ್ಕೆ ಒಂದು. ಸಿ ಆದರೆ ಮೂವತ್ತಕ್ಕೆ ಒಂದು. ಎಚ್‌ಐವಿ ಆದರೆ ಮುನ್ನೂರಕ್ಕೆ ಒಂದು. ಜನ ಹೆದರೋದು ಮಾತ್ರ ಉಲ್ಟಾ ಲೆಕ್ಕದಲ್ಲಿ.

ಮಾವ: ಈ ಲೆಕ್ಕ ನಮ್ಮ ನರ್ಸಿಂಗ್ ಹೋಮ್ ಹುಡುಗಿಯರಿಗೂ ಗೊತ್ತಿರಲ್ಲ. ಇರಲಿ, ಇಷ್ಟೇ ಆದರೆ ಒಂದು ಪುಸ್ತಕ ಕೊಟ್ಟು ಓದ್ಕೊಳ್ಳಿ ಅಂದರೆ ಸಾಕಲ್ಲ?

ಆಕೆ: ಇದುವರೆಗೆ ಹೇಳಿದ್ದು ಓದಿ ಕಲಿಯೋದು. ಓದಿ ಬರದೇ ಇರೋದು ಮುಖ.

ಮಾವ: ಮುಖವಾ?

ಆಕೆ: ನಮ್ಮ ಮುಖ. ತರಬೇತಿಯ ದಿನ, ಹಿಂದೆ ಚುಚ್ಚಿಕೊಳ್ತಿದ್ದು ಈಗ ಬಿಟ್ಟಿರೋ ಒಬ್ಬ ಹೆಂಗಸನ್ನ ಕರೆಸಿದ್ದರು. ಆಕೆ ಕೋಪ ಮಾಡಿಕೊಳ್ಳಲಿಲ್ಲ, ಅಳಲಿಲ್ಲ. ಅಂಗಡಿಗಳಲ್ಲಿ ಏನಾಗ್ತಿತ್ತು ಅಂತಷ್ಟೇ ಹೇಳ್ತಾ ಹೋದಳು. ಆಕೆ ಮೊದಲು ಬಂದಿದ್ದರೂ ಆಮೇಲೆ ಬಂದವರಿಗೆಲ್ಲ ಔಷಧಿ ಕೊಟ್ಟು ಮುಗಿಸಿ ಕೊನೇಲಿ ಕರೆಯೋರಂತೆ. ಕೌಂಟರಿನ ಹುಡುಗಿ ಒಳಗಿದ್ದವರಿಗೆ ‘ಇನ್ನೊಂದು ಸೂಜಿ ಗಿರಾಕಿ’ ಅಂತ ಕೂಗಿ ಹೇಳೋಳಂತೆ. ಕೆಮ್ಮಿನ ಔಷಧಿ ಕೊಳ್ಳೋಕೆ ಬಂದ ದಿನವೂ ಕಾವಲಿನವನು ಹಿಂದೆ ಹಿಂದೆಯೇ ಸುತ್ತೋನಂತೆ. ಕೈ ತಾಗದ ಹಾಗೆ ಪೊಟ್ಟಣವನ್ನ ಮೇಲಿಂದ ಕೌಂಟರಿನ ಮೇಲೆ ಬೀಳಿಸೋರಂತೆ.

ಮಾವ: ಮೇಲಿಂದ...

ಆಕೆ: ಹೂಂ.

ಮಾವ: ನಾನು ಹುಡುಗನಾಗಿದ್ದಾಗ ನಮ್ಮೂರ ಹೋಟೆಲಿನ ಹೊರಗೆ ಮೊಳೆ ಹೊಡೆದು ಬೇರೆ ಲೋಟ ನೇತು ಹಾಕಿರೋರು. ಅವರು ಅದನ್ನ ತಗೊಂಡು ಹಿಡೀಬೇಕು, ಇವರು ಮೇಲಿಂದ ಕಾಫಿ ಹೊಯ್ಯೋರು. ಆ ದೇಶದಲ್ಲೂ ಇದೆ ಅನ್ನು.

ಆಕೆ: ಜಾತಿಯ ಲೆಕ್ಕವೇ ಬೇರೆ ಮಾವ, ಅದನ್ನೂ ಇದನ್ನೂ ಒಂದೇ ಅನ್ನೋಕೆ ನನಗೆ ಮನಸ್ಸಿಲ್ಲ. ಕೈಯ ಅಭ್ಯಾಸ ಮಾತ್ರ ಅದೇ. ಆಮೇಲೆ ಇಬ್ಬಿಬ್ಬರನ್ನ ನಿಲ್ಲಿಸಿ ನಾಟಕ ಆಡಿಸಿದರು. ಒಬ್ಬರು ಗಿರಾಕಿ, ಒಬ್ಬರು ಫಾರ್ಮಸಿಸ್ಟ್. ಎಲ್ಲರಿಗೂ ಮುಜುಗರ, ನಗು. ಆದರೆ ಗಿರಾಕಿಯ ಜಾಗದಲ್ಲಿ ನಿಂತಾಗ, ‘ಇಷ್ಟೊಂದು ಯಾಕೆ ಬೇಕು?’ ಅನ್ನೋ ಸಾದಾ ಪ್ರಶ್ನೆಯೂ ಎಷ್ಟು ಚುಚ್ಚುತ್ತೆ ಅಂತ ಗೊತ್ತಾಗುತ್ತೆ. ಅದನ್ನ ಕೇಳಬಾರದು ಅಂತ ನಿಯಮವೇ ಇದೆ. ಒಂದೊಂದು ಸಲಕ್ಕೂ ಒಂದೊಂದು ಹೊಸ ಸೂಜಿ ಸಿಗಬೇಕು. ಗೆಳೆಯನಿಗೂ ಸೇರಿಸಿ ಒಯ್ದರೆ ಒಯ್ಯಲಿ. ನಮ್ಮ ಕೌಂಟರಿಗೆ ಬರೋಕೆ ನಾಚೋ ಆ ಗೆಳೆಯನಿಗೆ ಅದೊಂದೇ ದಾರಿ. ಇಂಗ್ಲೆಂಡಿನಲ್ಲಿ ಆರೋಗ್ಯ ಸೇವೆಗಳಿಗೆ ಮಾರ್ಗಸೂಚಿ ಬರೆಯೋ ನೈಸ್ ಅನ್ನೋ ಸಂಸ್ಥೆ ಇದೆ. ಅದರ 2014ರ ಮಾರ್ಗಸೂಚಿಯಲ್ಲಿ, ಸೂಜಿ ಕೊಡೋ ಫಾರ್ಮಸಿಯ ಸಿಬ್ಬಂದಿಗೆ ಜನರನ್ನ ಕೀಳಾಗಿ ಕಾಣದ ಹಾಗೆ ನಡಕೊಳ್ಳೋ ತರಬೇತಿ ಆಗಿರಬೇಕು ಅಂತ ಬರೆದಿದೆ. ಬರೀ ಸಿದ್ಧ ಪೊಟ್ಟಣ ಕೊಡೋ ಅಂಗಡಿಗೆ ಅಷ್ಟು ಮತ್ತು ಸುರಕ್ಷತೆಯ ಪಾಠ. ಅವರವರಿಗೆ ಬೇಕಾದ್ದನ್ನ ಆರಿಸಿ ಕೊಟ್ಟು ಸಲಹೆ ಹೇಳೋ ಅಂಗಡಿಯಾದರೆ, ಮಾದಕ ವಸ್ತುಗಳ ಬಗ್ಗೆ, ಡೋಸ್ ಹೆಚ್ಚಾಗಿ ಉಸಿರು ನಿಲ್ಲೋದನ್ನ ತಡೆಯೋ ಬಗ್ಗೆ ಎಲ್ಲ ಗೊತ್ತಿರಬೇಕು.

ಮಾವ: ಹಾಗಾದರೆ ಎಲ್ಲ ಸುಸೂತ್ರ. ಬರೆದಿಟ್ಟಿದಾರೆ, ಕಲಿಸ್ತಾರೆ, ನೀವು ಕಲೀತೀರಿ.

ಆಕೆ: ಸುಸೂತ್ರ ಎಲ್ಲಿ ಬಂತು! ಕಲಿಸೋದು ಹೆಚ್ಚಾಗಿ ಫಾರ್ಮಸಿಸ್ಟ್‌ಗೆ. ಕೌಂಟರಿನಲ್ಲಿ ಪೊಟ್ಟಣ ಕೊಡೋದು ಯಾರು? ಕಾಲೇಜಿಗೆ ಹೋಗ್ತಾ ಶನಿವಾರ ಮಾತ್ರ ಕೆಲಸಕ್ಕೆ ಬರೋ ಹುಡುಗಿ. ಫಾರ್ಮಸಿಸ್ಟ್ ಒಳಗೆ ಪ್ರಿಸ್ಕ್ರಿಪ್ಷನ್ ನೋಡ್ತಿರ್ತಾರೆ. ದಿನಕ್ಕೊಬ್ಬರಂತೆ ಬರೋ ಬಾಡಿಗೆ ಫಾರ್ಮಸಿಸ್ಟ್‌ಗಳಿಗೆ ಆ ಅಂಗಡಿಯ ಗಿರಾಕಿಗಳ ಪರಿಚಯವೇ ಇರಲ್ಲ. ಇಂಗ್ಲೆಂಡಿನಲ್ಲಂತೂ ಕಂಪ್ಯೂಟರಿನಲ್ಲಿ ಪಾಠ ಓದಿ, ಪ್ರಶ್ನೆಗಳಿಗೆ ಉತ್ತರ ಕೊಟ್ಟು, ‘ನಾನು ಈ ಕೆಲಸಕ್ಕೆ ಸಮರ್ಥ’ ಅಂತ ತಾನೇ ಘೋಷಣಾಪತ್ರಕ್ಕೆ ಸಹಿ ಹಾಕೋ ಪದ್ಧತಿ ತಂದರು. ವೃತ್ತಿಯವರನ್ನ ನಂಬಬೇಕು, ಸರಿ. ಆದರೆ ತನ್ನ ಮುಖ ಹೇಗಿರುತ್ತೆ ಅಂತ ತಾನೇ ಪ್ರಮಾಣಪತ್ರ ಕೊಟ್ಟುಕೊಳ್ಳೋದು ನನಗೆ ಒಪ್ಪಿಗೆಯಿಲ್ಲ.

ಮಾವ: ನಮ್ಮಲ್ಲೂ ಇದೆಯಲ್ಲ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮ ಬಂದ ಮೇಲೆ ಐದು ವರ್ಷದಲ್ಲಿ ಎರಡು ರಿಫ್ರೆಶರ್ ಕೋರ್ಸ್ ಆಗಬೇಕು. ಬೆಳಿಗ್ಗೆ ಸಹಿ, ಉಪ್ಪಿಟ್ಟು ಕೇಸರಿಬಾತು, ಎರಡು ಭಾಷಣ, ಮಧ್ಯಾಹ್ನ ಊಟ, ಸರ್ಟಿಫಿಕೇಟು. ಊಟದ ಆಮೇಲಿನ ಭಾಷಣ ಏನಿತ್ತು ಅಂತ ಕೇಳಬೇಡ.

ಆಕೆ: ಕೇಸರಿಬಾತು ಒಂದು ಬಿಟ್ಟರೆ ಅಲ್ಲೂ ಅದೇ. ಇನ್ನೊಂದು ತೊಂದರೆ ಅಂದರೆ ಕಲಿತದ್ದು ಬೇಗ ಹಳತಾಗುತ್ತೆ. 2009–10ರಲ್ಲಿ ಸ್ಕಾಟ್ಲೆಂಡಿನ ಹೆರಾಯಿನ್‌ನಲ್ಲೇ ಆಂಥ್ರಾಕ್ಸ್ ಬಂದಿತ್ತು, ಜನ ಸತ್ತರು. ಚುಚ್ಚಿದ ಜಾಗದ ಬಾವು ಎಂಥದ್ದು ಅಂತ ನೋಡಿ ಆಸ್ಪತ್ರೆಗೆ ಅಟ್ಟೋದನ್ನ ಆಗ ಎಲ್ಲರೂ ಕಲೀಬೇಕಾಯ್ತು. 2015ರಿಂದ ಗ್ಲಾಸ್ಗೋದಲ್ಲಿ ಎಚ್‌ಐವಿ ಮತ್ತೆ ಏರಿತು, ನೂರಕ್ಕೂ ಹೆಚ್ಚು ಜನಕ್ಕೆ. ಕಾರಣಗಳಲ್ಲಿ ದೊಡ್ಡದು ಕೊಕೇನ್. ಅದರ ಅಮಲು ಬೇಗ ಇಳಿಯುತ್ತೆ, ಹಾಗಾಗಿ ದಿನಕ್ಕೆ ಹೆಚ್ಚು ಸಲ ಚುಚ್ಚಿಕೊಳ್ತಾರೆ. ಹೆರಾಯಿನ್ ಲೆಕ್ಕದಲ್ಲಿ ಸೂಜಿ ಕೊಟ್ಟರೆ ಸಾಲಲ್ಲ. ಈಗ ನಿಟಾಜೀನ್ ಅನ್ನೋ ಪ್ರಯೋಗಾಲಯದ ಸರಕು ಹೆರಾಯಿನ್ ಜತೆ ಬೆರೆತು ಬರ್ತಿದೆ, ಚಿಟಿಕೆಯಷ್ಟೇ ಸಾಕು ಉಸಿರು ನಿಲ್ಲಿಸೋಕೆ. ಉಸಿರು ಮರಳಿಸೋ ನಲೋಕ್ಸೋನ್ ಒಂದು ಡೋಸ್ ಸಾಲದೇ ಹೋಗಬಹುದು, ಎರಡನೇದು ತಯಾರಿರಲಿ ಅಂತ ಹೇಳಿಕೊಡ್ತೀವಿ. ಸ್ಕಾಟ್ಲೆಂಡ್ 2011ರಲ್ಲೇ ಆ ಔಷಧಿಯನ್ನ ಮನೆಗೆ ಕೊಡೋ ರಾಷ್ಟ್ರೀಯ ಕಾರ್ಯಕ್ರಮ ತಂದಿತ್ತು.

ಮಾವ: ಊರಿನವರು ಸುಮ್ಮನಿರ್ತಾರಾ? ನನ್ನ ಅಂಗಡಿ ಪಕ್ಕದಲ್ಲಿ ಬಳಸಿದ ಸೂಜಿ ಬಿದ್ದಿದ್ದರೆ ನಾಳೆಯೇ ಬೀಗ.

ಆಕೆ: ಗ್ಲಾಸ್ಗೋದಲ್ಲಿ ಅದೂ ಆಯ್ತು. ಸೆಂಟ್ರಲ್ ರೈಲು ನಿಲ್ದಾಣದ ಒಳಗಿನ ಫಾರ್ಮಸಿಯಲ್ಲಿ ಸೂಜಿ ಸಿಗ್ತಿತ್ತು, ಆ ಸೇವೆಗೆ ಅಲ್ಲಿ ಭಾರೀ ಬೇಡಿಕೆ. ನಿಲ್ದಾಣದಲ್ಲಿ ಬಳಸಿದ ಸೂಜಿಗಳು ಸಿಕ್ಕವು ಅಂತ ನಿಲ್ದಾಣದ ಆಡಳಿತ ತಕರಾರು ತೆಗೆದು, 2017ರಲ್ಲಿ ಅದನ್ನ ನಿಲ್ಲಿಸಿತು. ಊರಿನಲ್ಲಿ ಎಚ್‌ಐವಿ ಹರಡ್ತಿರೋ ಹೊತ್ತಿನಲ್ಲೇ! ಆರೋಗ್ಯ ಇಲಾಖೆಯವರು ಬೇಡ ಬೇಡ ಅಂದರು, ಕೇಳಲಿಲ್ಲ. ಬಿದ್ದ ಸೂಜಿ ಯಾರಿಗೂ ಇಷ್ಟವಿಲ್ಲ ಮಾವ, ಮಕ್ಕಳು ಓಡಾಡೋ ಜಾಗ. ಆದರೆ ಅದಕ್ಕೆ ಡಬ್ಬಿ ಹೆಚ್ಚು ಮಾಡಬೇಕಿತ್ತು, ಕೌಂಟರ್ ಮುಚ್ಚೋದಲ್ಲ. ಫಾರ್ಮಸಿಸ್ಟ್‌ಗೆ ತರಬೇತಿ ಕೊಟ್ಟರು, ಕಟ್ಟಡದ ಯಜಮಾನರಿಗೆ ಕೊಡೋರು ಯಾರು?

ಮಾವ: ಕಾನೂನು ಏನು ಹೇಳುತ್ತೆ? ಹೆರಾಯಿನ್ ಅಪರಾಧ, ಸಿರಿಂಜ್ ಪುಣ್ಯವಾ?

ಆಕೆ: ಕಾನೂನಿನ ಪಾಠದಲ್ಲಿ ಎಲ್ಲರೂ ನಗೋದು ಅಲ್ಲೇ. 1986ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಮಾದಕ ವಸ್ತು ಸೇವಿಸೋಕೆ ಅಂತ ಗೊತ್ತಿದ್ದೂ ಸಾಮಾನು ಕೊಟ್ಟರೆ ಅಪರಾಧ, ಸಿರಿಂಜ್ ಒಂದನ್ನ ಬಿಟ್ಟು. ಹಾಗಾಗಿ ಹದಿನೇಳು ವರ್ಷ ಸಿರಿಂಜ್ ಕೊಡಬಹುದಿತ್ತು, ಅದರ ಜತೆಗಿನ ಸಿಟ್ರಿಕ್ ಆಮ್ಲ, ಫಿಲ್ಟರ್, ಸ್ವಾಬ್ ಕೊಡೋ ಹಾಗಿರಲಿಲ್ಲ. 2003ರಲ್ಲಿ ಅವಕ್ಕೆ ಅನುಮತಿ ಬಂತು. ಚುಚ್ಚಿಕೊಳ್ಳೋ ಬದಲು ಹೊಗೆ ಎಳೆಯಲಿ ಅಂತ ಅಲ್ಯೂಮಿನಿಯಂ ಹಾಳೆ ಕೊಡೋಕೆ 2014ರವರೆಗೆ ಕಾಯಬೇಕಾಯ್ತು. ಇದು ಬಾಯಿಪಾಠ ಇರಬೇಕು, ಯಾಕೆಂದರೆ ಪಟ್ಟಿಯಲ್ಲಿ ಇಲ್ಲದ್ದನ್ನ ಕೊಟ್ಟವರು ಸಿಕ್ಕಿಹಾಕ್ಕೋತಾರೆ.

ಮಾವ: ಹೆಸರು, ವಿಳಾಸ, ಆಧಾರ್ ಥರದ್ದೇನಾದರೂ ಬರ್ಕೋತೀರಾ?

ಆಕೆ: ಹೆಸರು ಬೇಡ. ಇನಿಶಿಯಲ್, ಹುಟ್ಟಿದ ತಾರೀಕು, ಗಂಡೋ ಹೆಣ್ಣೋ, ಅಂಚೆ ಸಂಖ್ಯೆಯ ಮೊದಲ ಭಾಗ. ಪೊಲೀಸರಿಗೆ ಹೇಳಲ್ಲ. ಹದಿನೆಂಟರ ಕೆಳಗಿನವರು ಬಂದರೆ, ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಮಾತ್ರ ಇನ್ನಷ್ಟು ವಿಚಾರಿಸಬೇಕು, ಬೇಕಾದರೆ ಮಕ್ಕಳ ರಕ್ಷಣೆಯವರಿಗೆ ತಿಳಿಸಬೇಕು. ಆ ತೀರ್ಮಾನ ಕಷ್ಟದ್ದು. ಯಾವ ತರಬೇತಿಯಲ್ಲೂ ಅದು ಪೂರ್ತಿ ಬರಲ್ಲ.

ಮಾವ: ಇಷ್ಟೆಲ್ಲ ಮಾಡಿ ಒಬ್ಬನಾದರೂ ಬಿಟ್ಟನಾ?

ಆಕೆ: ಬಿಡಿಸೋಕೆ ಅಂತ ಸೂಜಿ ಕೊಡಲ್ಲ ಮಾವ. ಬಿಡೋ ದಿನದವರೆಗೆ ಬದುಕಿರಲಿ, ಬಿಟ್ಟ ಮೇಲೆ ಮೈಯಲ್ಲಿ ಎಚ್‌ಐವಿ, ಹೆಪಟೈಟಿಸ್ ಉಳಿಯದಿರಲಿ ಅಂತ. ಆದರೆ ಬಿಡೋರು ದಾರಿ ಕೇಳೋದು ದಿನಾ ನೋಡೋರನ್ನ. ಅದೇ ಅಂಗಡಿಯಲ್ಲಿ ಹೆರಾಯಿನ್‌ಗೆ ಬದಲಿ ಔಷಧಿ ಮೆಥಡೋನ್ ಕೊಡ್ತೀವಿ. ಹಸಿರು ಸಿರಪ್, ನಮ್ಮೆದುರೇ ಕುಡೀಬೇಕು. ಮೂರು ದಿನ ಸತತವಾಗಿ ಬರದಿದ್ದರೆ ನಾಲ್ಕನೇ ದಿನ ಹಳೇ ಡೋಸ್ ಕೊಡಬಾರದು, ಮೈ ತಡಕೊಳ್ಳೋ ಶಕ್ತಿ ಇಳಿದಿರುತ್ತೆ. ವೈದ್ಯರಿಗೆ ಫೋನ್ ಮಾಡಬೇಕು. ಹೆಪಟೈಟಿಸ್ ಸಿಗೆ ಈಗ ಎಂಟರಿಂದ ಹನ್ನೆರಡು ವಾರದ ಮಾತ್ರೆ ಇದೆ, ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಜನಕ್ಕೆ ವಾಸಿಯಾಗುತ್ತೆ. ಕೆಲವು ಫಾರ್ಮಸಿಗಳಲ್ಲೇ ಬೆರಳು ಚುಚ್ಚಿ ಪರೀಕ್ಷೆಗೆ ರಕ್ತ ತಗೋತಾರೆ. ಆಸ್ಪತ್ರೆ ಅಂದರೆ ಓಡಿಹೋಗೋ ಮನುಷ್ಯ ನಮ್ಮಲ್ಲಿ ಬೆರಳು ಚಾಚ್ತಾನೆ. ಯಾಕೆ? ಹಿಂದಿನ ಸಲ ಬಂದಾಗ ಯಾರೂ ಪೊಟ್ಟಣ ಮೇಲಿಂದ ಎಸೀಲಿಲ್ಲ, ಅದಕ್ಕೆ.

ಮಾವ: ಅದು ಅಲ್ಲಿ. ಇಲ್ಲಿ ಇಂಥದ್ದು ಎಲ್ಲಿದೆ?

ಆಕೆ: ಇಲ್ಲ ಅನ್ನಬೇಡಿ. ಮಣಿಪುರದಲ್ಲಿ 1990ರ ಹೊತ್ತಿಗೆ ಎಡಿನ್‌ಬರೋದ ಕತೆಯೇ ನಡೀತು. ಗಡಿಯಾಚೆಯಿಂದ ಹೆರಾಯಿನ್, ಹಂಚಿಕೊಂಡ ಸೂಜಿ, ಎಚ್‌ಐವಿ. ಅಲ್ಲಿನ ಸ್ವಯಂಸೇವಾ ಸಂಸ್ಥೆಗಳು ಆ ದಶಕದಲ್ಲೇ ಸೂಜಿ ಕೊಡೋಕೆ ಶುರು ಮಾಡಿದವು. ಈಗ ಅದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ನ್ಯಾಕೋ ಅಂತೀವಲ್ಲ, ಅದರದ್ದೇ ಕಾರ್ಯಕ್ರಮ. ಆದರೆ ಕೊಡೋದು ಸಂಸ್ಥೆಗಳ ಕಾರ್ಯಕರ್ತರು, ಅದರಲ್ಲಿ ಎಷ್ಟೋ ಜನ ಹಿಂದೆ ತಾವೇ ಚುಚ್ಚಿಕೊಳ್ತಿದ್ದವರು. ಮೆಡಿಕಲ್ ಸ್ಟೋರ್ ಆ ಲೆಕ್ಕದಲ್ಲೇ ಇಲ್ಲ.

ಮಾವ: ಕರ್ನಾಟಕದಲ್ಲಿ ಎಚ್‌ಐವಿ ಬಂದ ದಾರಿಯೇ ಬೇರೆ.

ಆಕೆ: ಹೌದು, ಇಲ್ಲಿ ಹೆಚ್ಚಾಗಿ ಬಂದದ್ದು ಲೈಂಗಿಕ ಸಂಪರ್ಕದಿಂದ. ಆದರೆ ಟಪೆಂಟಡಾಲ್ ನೋವಿನ ಮಾತ್ರೆ ಪುಡಿ ಮಾಡಿ ಚುಚ್ಚಿಕೊಳ್ಳೋ ಹುಡುಗರ ಸುದ್ದಿ ಈಚೆಗೆ ಪೇಪರಿನಲ್ಲಿ ನೀವೇ ಓದ್ತಿರ್ತೀರಲ್ಲ.

ಮಾವ: ಓದ್ತೀನಿ. ಅದನ್ನ ಮಾರಿದ ಅಂಗಡಿಯವರನ್ನ ಹಿಡಿದ ಸುದ್ದಿಯನ್ನೂ ಓದ್ತೀನಿ. ನಾನು ಚೀಟಿ ಇಲ್ಲದೆ ಅದನ್ನ ಮುಟ್ಟಲ್ಲ.

ಆಕೆ: ಮುಟ್ಟಲೇಬಾರದು. ಅದರಲ್ಲಿ ರಾಜಿಯಿಲ್ಲ. ಚುಚ್ಚಿಕೊಳ್ಳೋಕೆ ಮಾಡಿದ ಮಾತ್ರೆಯೂ ಅಲ್ಲ ಅದು. ಅದರ ಪುಡಿ ರಕ್ತನಾಳ ಕಟ್ಟುತ್ತೆ, ಶ್ವಾಸಕೋಶಕ್ಕೆ ಹೋಗಿ ಕೂರುತ್ತೆ. ಆದರೆ ಅದೇ ಹುಡುಗ ಆಮೇಲೆ ನಿಮ್ಮ ಹತ್ತಿರ ಬಂದು ಇನ್ಸುಲಿನ್ ಸಿರಿಂಜ್ ಕೇಳಿದಾಗ ಸ್ಟಾಕ್ ಇಲ್ಲ ಅಂತೀರಲ್ಲ, ಆಗ ಅವನು ಏನು ಮಾಡ್ತಾನೆ?

ಮಾವ: ...ಇನ್ನೊಬ್ಬನದು ತಗೋತಾನೆ.

ಆಕೆ: ನಾನು ಹೇಳೋಕೆ ಹೊರಟದ್ದು ಇಷ್ಟೇ.

ಮಾವ: ನೋಡು, ಹಂಚೋಕೆ ನಾನು ಒಪ್ಪಲ್ಲ. ನಾಳೆ ಹತ್ತು ಜನ ಬಂದು ನಿಂತರೆ ಔಷಧಿಗೆ ಬರೋ ಹೆಂಗಸರು ಈ ಕಡೆ ಬರಲ್ಲ. ಪೊಲೀಸಿನವರಿಗೆ ನಿಮ್ಮ ನೈಸು, ಮೆಕ್‌ಲೆಲೆಂಡು ಯಾವುದೂ ಗೊತ್ತಿಲ್ಲ. ಸರ್ಕಾರ ಬರೆದು ಕೊಡಲಿ, ಆಮೇಲೆ ಮಾತು.

ಆಕೆ: ಸರ್ಕಾರ ಬರೆದು ಕೊಡದೆ ನೀವು ಹಂಚಬೇಕು ಅಂತ ನಾನೂ ಹೇಳಲ್ಲ. ಅಲ್ಲೂ ಕಾನೂನು, ದುಡ್ಡು, ತರಬೇತಿ ಮೂರೂ ಬಂದ ಮೇಲೇ ಫಾರ್ಮಸಿಸ್ಟ್‌ಗಳು ಧೈರ್ಯವಾಗಿ ಒಪ್ಪಿದ್ದು. ಆದರೆ ನಾಲ್ಕು ವಿಷಯಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಆ ಹುಡುಗನ ಹತ್ತಿರ ದನಿ ಏರಿಸಬೇಡಿ. ಪಕ್ಕದಲ್ಲಿ ನಿಂತವರಿಗೆ ಕೇಳೋ ಹಾಗೆ ಮಾತಾಡಬೇಡಿ. ನಿಮ್ಮ ಹುಡುಗ ಮಂಜನಿಗೂ ಇದನ್ನ ಹೇಳಿಕೊಡಿ, ಕೌಂಟರಿನಲ್ಲಿ ನಿಮಗಿಂತ ಹೆಚ್ಚು ಹೊತ್ತು ನಿಲ್ಲೋನು ಅವನೇ. ಆಮೇಲೆ ಒಂದು ಚೀಟಿ ಬರೆದು ಅಂಟಿಸಿ.

ಮಾವ: ಏನಂತ?

ಆಕೆ: ಜಿಲ್ಲಾಸ್ಪತ್ರೆಯಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಗುಟ್ಟಾಗಿ ಮಾಡ್ತಾರೆ. ಹೆಪಟೈಟಿಸ್ ಸಿ ಇದ್ದರೆ 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಔಷಧಿಯೂ ಉಚಿತ.

ಮಾವ: ಹೆಪಟೈಟಿಸ್ ಸಿ ಔಷಧಿ ಉಚಿತ ಅನ್ನೋದು ನನಗೇ ಗೊತ್ತಿರಲಿಲ್ಲ. ರಿಫ್ರೆಶರ್ ಕೋರ್ಸಿನಲ್ಲಿ ಯಾರೂ ಹೇಳಲಿಲ್ಲ.

ಆಕೆ: ಊಟದ ಆಮೇಲಿನ ಭಾಷಣದಲ್ಲಿ ಹೇಳಿರಬೇಕು.

ಮಾವ: ಸಾಕು ತಮಾಷೆ. ಮುಂದಿನ ಸಲ ಸಂಘದ ಸಭೆಯಲ್ಲಿ ಕೇಳ್ತೀನಿ, ಇಂಥದ್ದಕ್ಕೆ ಅರ್ಧ ದಿನ ಇಡಿ ಅಂತ. ಕೌಂಟರಿನ ಹುಡುಗರನ್ನೂ ಕರೀಲಿ. ನಂಬರ್ ಏನಾದರೂ ಇದೆಯಾ, ಚೀಟಿಗೆ?

ಆಕೆ: ಬರ್ಕೊಳ್ಳಿ. ಎಚ್‌ಐವಿ ವಿಚಾರಕ್ಕೆ 1097. ಚಟ ಬಿಡೋಕೆ ಸಹಾಯ ಬೇಕಾದರೆ 14446. ಎರಡಕ್ಕೂ ದುಡ್ಡಿಲ್ಲ.